ಸ್ಮಾರ್ಟ್‌ವಾಚ್ ತೋರಿಸುವ ‘ಡೀಪ್ ಸ್ಲೀಪ್’ ಲೆಕ್ಕವನ್ನು ಎಷ್ಟು ನಂಬಬಹುದು?

ಬೆಳಿಗ್ಗೆ ಎದ್ದ ಕೂಡಲೇ ಫ್ಯಾಮಿಲಿ ಗ್ರೂಪಿಗೆ ಸ್ಮಾರ್ಟ್‌ವಾಚ್ ಆ್ಯಪ್‌ನ ಸ್ಕ್ರೀನ್‌ಶಾಟ್ ಬೀಳುತ್ತದೆ: “ಡೀಪ್ ಸ್ಲೀಪ್ ಬರೀ 48 ನಿಮಿಷ! ಏನಾದರೂ ತೊಂದರೆ ಇದೆಯಾ?” ಅದರ ಕೆಳಗೆ ಇನ್ನೊಬ್ಬರು “ಡೀಪ್ ಸ್ಲೀಪ್ ಕಡಿಮೆಯಾದರೆ ಹಾರ್ಟ್ ಅಟ್ಯಾಕ್ ಗ್ಯಾರಂಟಿ” ಎಂದು ಹಾಕುತ್ತಾರೆ. ಇಂಥ ಮೆಸೇಜ್ ನಿಮಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು? ನೋಡೋಣ.

ವಾಚ್ ಅಳೆಯುವುದು ಏನನ್ನು?

ನಿದ್ದೆಯ ಹಂತಗಳು ಸರಿಯಾಗಿ ಗೊತ್ತಾಗುವುದು ಮಿದುಳಿನ ವಿದ್ಯುತ್ ಅಲೆಗಳಿಂದ. ಆಸ್ಪತ್ರೆಯಲ್ಲಿ ಮಾಡುವ ‘ಪಾಲಿಸೋಮ್ನೋಗ್ರಫಿ’ ಪರೀಕ್ಷೆಯಲ್ಲಿ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಈ ಅಲೆಗಳನ್ನು ದಾಖಲಿಸುತ್ತಾರೆ. ಜೊತೆಗೆ ಕಣ್ಣಿನ ಚಲನೆ, ಸ್ನಾಯುಗಳ ಬಿಗಿತ, ಉಸಿರಾಟ, ರಕ್ತದ ಆಮ್ಲಜನಕವನ್ನೂ ನೋಡುತ್ತಾರೆ.

ಕೈಯಲ್ಲಿರುವ ವಾಚ್‌ಗೆ ಮಿದುಳು ಕಾಣುವುದಿಲ್ಲ. ಅದು ಕೈಯ ಅಲುಗಾಟವನ್ನು ಗಮನಿಸುತ್ತದೆ, ಹಸಿರು ಬೆಳಕು ಹಾಯಿಸಿ ಹೃದಯ ಬಡಿತವನ್ನು ಅಳೆಯುತ್ತದೆ. ಇವೆರಡನ್ನು ಸೇರಿಸಿ ನಿದ್ದೆಯ ಹಂತವನ್ನು ಊಹಿಸುತ್ತದೆ. ಒಟ್ಟು ಎಷ್ಟು ಹೊತ್ತು ಮಲಗಿದಿರಿ ಎಂಬ ಲೆಕ್ಕ ಸುಮಾರಾಗಿ ಸರಿ ಇರುತ್ತದೆ. ಆದರೆ ನಿದ್ದೆ ಬಾರದೆ ಅಲುಗಾಡದೆ ಮಲಗಿದ್ದರೆ ಅದನ್ನೂ ನಿದ್ದೆ ಎಂದೇ ಎಣಿಸಿಬಿಡಬಹುದು. ಡೀಪ್ ಸ್ಲೀಪ್ ನಿಮಿಷಗಳಂತೂ ಬರೀ ಅಂದಾಜು.

48 ನಿಮಿಷ ಕಡಿಮೆಯೇ?

ವಯಸ್ಕರಲ್ಲಿ ಗಾಢ ನಿದ್ದೆ ಒಟ್ಟು ನಿದ್ದೆಯ ಸುಮಾರು ಶೇ. 10ರಿಂದ 25ರಷ್ಟು ಇರುತ್ತದೆ. ಏಳು ಗಂಟೆ ಮಲಗಿದವರಿಗೆ ಇದು 42ರಿಂದ 105 ನಿಮಿಷ. ವಯಸ್ಸಾದಂತೆ ಇನ್ನೂ ಕಡಿಮೆಯಾಗುವುದು ಸಹಜ. ವರ್ಷಗಟ್ಟಲೆ ನಿದ್ದೆಗೆಟ್ಟರೆ ಬಿಪಿ, ಹೃದ್ರೋಗದ ಅಪಾಯ ಹೆಚ್ಚುತ್ತದೆ ಎಂಬುದು ನಿಜ. ಆದರೆ ವಾಚ್‌ನ ಒಂದು ರಾತ್ರಿಯ ಅಂಕಿ ನೋಡಿ ಹಾರ್ಟ್ ಅಟ್ಯಾಕ್ ಭವಿಷ್ಯ ಹೇಳಲು ಆಗುವುದಿಲ್ಲ.

ಅಂಕಿಯ ಚಿಂತೆಯೇ ನಿದ್ದೆ ಕೆಡಿಸಬಹುದು

ಸ್ಕೋರ್ ಹೆಚ್ಚಿಸಿಕೊಳ್ಳುವ ಗೀಳಿಗೆ ಅಮೆರಿಕದ ಸಂಶೋಧಕರು 2017ರಲ್ಲಿ ‘ಆರ್ಥೋಸೋಮ್ನಿಯಾ’ ಎಂಬ ಹೆಸರು ಕೊಟ್ಟರು. 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕೆಲವರಿಗೆ “ನಿಮ್ಮ ನಿದ್ದೆ ಚೆನ್ನಾಗಿಲ್ಲ” ಎಂದು ಸುಮ್ಮನೆ ಹೇಳಲಾಯಿತು. ಅವರು ನಿಜಕ್ಕೂ ಹೇಗೇ ನಿದ್ರಿಸಿರಲಿ, ಗಮನಶಕ್ತಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದರು.

ಒಳ್ಳೆಯ ಸ್ಕೋರ್ ಬಂದರೆ ನಿಶ್ಚಿಂತೆಯೇ?

ಇಲ್ಲ. ನಿಜವಾದ ಅಪಾಯ ಇರುವುದು ಇಲ್ಲಿ. ಜೋರಾಗಿ ಗೊರಕೆ, ನಡುನಡುವೆ ಉಸಿರು ನಿಂತು ಏದುಸಿರು ಬಿಟ್ಟು ಏಳುವುದು, ಹಗಲಲ್ಲಿ ತೂಕಡಿಕೆ ಇವು ‘ಸ್ಲೀಪ್ ಆಪ್ನಿಯಾ’ ಲಕ್ಷಣಗಳು. ಗಾಡಿ ಓಡಿಸುವವರಿಗೆ ಇದು ಪ್ರಾಣಾಪಾಯ. ಕೆಲವು ವಾಚ್‌ಗಳ ಆಪ್ನಿಯಾ ಸೂಚನೆಗೆ 2024ರಲ್ಲಿ ಅಮೆರಿಕದ ಎಫ್‌ಡಿಎ ಅನುಮತಿ ಕೊಟ್ಟಿದೆ. ಆದರೂ ಅದು ಎಚ್ಚರಿಕೆ ಮಾತ್ರ, ರೋಗನಿರ್ಣಯವಲ್ಲ. ಎಚ್ಚರಿಕೆ ಬಾರದಿದ್ದರೆ ಕಾಯಿಲೆ ಇಲ್ಲ ಎಂದೂ ಅರ್ಥವಲ್ಲ. ಮನೆಯವರು “ನಿಮ್ಮ ಉಸಿರು ನಿಲ್ಲುತ್ತದೆ” ಎಂದರೆ ವಾಚ್ ಏನೇ ಹೇಳಲಿ, ವೈದ್ಯರನ್ನು ಕಾಣಿ.

ಹಾಗಾದರೆ ಹೇಗೆ ಬಳಸಬೇಕು?

• ಒಂದು ರಾತ್ರಿಯದ್ದು ಬಿಡಿ, ಎರಡು ವಾರದ ಲೆಕ್ಕ ನೋಡಿ.
• ಡೀಪ್ ಸ್ಲೀಪ್‌ಗಿಂತ ಮಲಗುವ, ಏಳುವ ಹೊತ್ತು ದಿನವೂ ಒಂದೇ ಇದೆಯೇ ಎಂದು ಗಮನಿಸಿ.
• ಸಂಜೆಯ ಕಾಫಿ ಬಿಟ್ಟ ದಿನ ವ್ಯತ್ಯಾಸ ಕಂಡಿತೇ, ಪರೀಕ್ಷಿಸಿ.
• ಅಂಕಿ ನೋಡಿ ಆತಂಕವಾಗುತ್ತಿದ್ದರೆ ಒಂದು ವಾರ ವಾಚ್ ಬಿಚ್ಚಿಟ್ಟು ಮಲಗಿ.

ಕೊನೆಯ ಮಾತು: “ಹಾರ್ಟ್ ಅಟ್ಯಾಕ್ ಗ್ಯಾರಂಟಿ” ಎಂಬುದು ತಪ್ಪು. ಏಳು ಗಂಟೆ ಮಲಗಿ, ಹಗಲಿಡೀ ಲವಲವಿಕೆಯಿಂದ ಇದ್ದರೆ 48 ನಿಮಿಷಕ್ಕೆ ಹೆದರಬೇಕಿಲ್ಲ. ಆ ಫಾರ್ವರ್ಡ್ ನಿಮ್ಮಲ್ಲೇ ನಿಲ್ಲಲಿ.