ಇ-ಪುಸ್ತಕಗಳಲ್ಲಿ ಓದತಕ್ಕವು ಯಾವುವು?

ಕನ್ನಡ ಗ್ರಂಥವೊಂದನ್ನು ಕೈಯಲ್ಲಿ ಹಿಡಿಯುವುದೇ ದುರ್ಲಭವಾಗಿದ್ದ ಕಾಲವೊಂದು ಬೀದರ ಪ್ರಾಂತಕ್ಕೆ ಇದ್ದಿತು. 1948ರ ವರೆಗೆ ನಿಜಾಮರ ಆಡಳಿತಕ್ಕೆ ಒಳಪಟ್ಟಿದ್ದ ಈ ಭಾಗದಲ್ಲಿ ಕಚೇರಿಯ ಭಾಷೆ ಉರ್ದು, ಶಾಲೆಯ ಭಾಷೆಯೂ ಬಹುಮಟ್ಟಿಗೆ ಅದೇ. ಔರಾದ, ಭಾಲ್ಕಿಗಳ ಕಡೆಗೆ ಮರಾಠಿಯ ಪ್ರಭಾವವೂ ಬಲವಾಗಿದ್ದಿತು. ಕನ್ನಡವು ಮನೆಯ ಮಾತಾಗಿ, ಮಠದ ಮಾತಾಗಿ ಮಾತ್ರ ಉಸಿರಾಡಿಕೊಂಡಿತ್ತು. ಇಂದಿನ ಕಮಲನಗರದಲ್ಲಿ ಜನಿಸಿ ಭಾಲ್ಕಿ ಹಿರೇಮಠ ಸಂಸ್ಥಾನದ ಅಧಿಪತಿಗಳಾದ ಲಿಂ. ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಸೀಮೆಯ ಮಕ್ಕಳಿಗೂ ತಿಳಿದ ಸಂಗತಿ. 1956ರ ನವೆಂಬರ್ 1ರಂದು ಬೀದರವು ಅಂದಿನ ಮೈಸೂರು ರಾಜ್ಯವನ್ನು ಸೇರಿದ ಬಳಿಕವೂ ಧಾರವಾಡ, ಮೈಸೂರುಗಳಲ್ಲಿ ಅಚ್ಚಾದ ಪುಸ್ತಕ ಇಲ್ಲಿಗೆ ಬಂದು ಮುಟ್ಟುವುದು ಸುಲಭವಾಗಿರಲಿಲ್ಲ.

ಈಗ ಆ ದೂರ ಇಲ್ಲವಾಗಿದೆ. ಔರಾದ ತಾಲೂಕಿನ ಒಂದು ಹಳ್ಳಿಯ ವಿದ್ಯಾರ್ಥಿ ತನ್ನ ಮೊಬೈಲಿನಲ್ಲಿ ‘ಶೂನ್ಯಸಂಪಾದನೆ’ ಎಂದು ಬರೆದು ಹುಡುಕಿದರೆ ಕ್ಷಣಮಾತ್ರದಲ್ಲಿ ಹತ್ತಾರು ಕಡತಗಳು ತೆರೆದುಕೊಳ್ಳುತ್ತವೆ. ಭಕ್ತರ ವಾಟ್ಸಾಪ್ ಬಳಗಗಳಲ್ಲಿ ದಿನಕ್ಕೊಂದು ವಚನಗ್ರಂಥ ಬಂದು ಬೀಳುತ್ತದೆ. ಕಳುಹಿಸಿದವರು ‘ಉತ್ತಮ ಗ್ರಂಥ, ಎಲ್ಲರೂ ಓದಿರಿ’ ಎಂಬ ಒಂದೇ ಮಾತನ್ನು ಜೊತೆಗಿಟ್ಟಿರುತ್ತಾರೆ. ಗ್ರಂಥ ಯಾರದು, ಸಂಪಾದಿಸಿದವರು ಯಾರು, ಯಾವ ವರ್ಷದ ಯಾವ ಆವೃತ್ತಿ ಎಂಬುದರ ಸುಳಿವೇ ಇರುವುದಿಲ್ಲ. ಕಡತದ ಹೆಸರು ಕೂಡ ಎಷ್ಟೋ ವೇಳೆ ಅಂಕಿಗಳ ಒಂದು ಸಾಲು ಮಾತ್ರ. ಗ್ರಂಥದ ಅಭಾವವಿದ್ದಲ್ಲಿ ಇಂದು ಅತಿಶಯವಿದೆ. ಆದರೆ ಗ್ರಂಥವನ್ನು ಅರಿತು ಹೇಳುವವರ ಅಭಾವ ಹಾಗೆಯೇ ಉಳಿದಿದೆ, ಬಹುಶಃ ಹೆಚ್ಚಿದೆ.

ಮುದ್ರಿತ ಗ್ರಂಥಕ್ಕೆ ಒಂದು ಸಂಪ್ರದಾಯವಿತ್ತು. ಪ್ರಕಾಶಕರು ಪತ್ರಿಕೆಗೆ ಎರಡು ಪ್ರತಿಗಳನ್ನು ಕಳುಹುವರು. ವಿದ್ವಾಂಸರೊಬ್ಬರು ಓದಿ ಗುಣದೋಷಗಳನ್ನು ವಿವೇಚಿಸುವರು. ಶ್ರಾವಣಮಾಸದ ಪ್ರವಚನದಲ್ಲಿ ಪ್ರವಚನಕಾರರು ಇಂಥ ಗ್ರಂಥವನ್ನು ನೋಡಬಹುದೆಂದು ಸೂಚಿಸುವರು. ಕಾಲೇಜಿನ ಅಧ್ಯಾಪಕರು ತಮ್ಮ ಕಪಾಟಿನಿಂದಲೇ ತೆಗೆದು ಕೊಡುವರು. ಅಂತರ್ಜಾಲದಲ್ಲಿ ಅನಾಮಧೇಯವಾಗಿ ತಿರುಗುವ ಇ-ಪುಸ್ತಕಕ್ಕೆ ಪ್ರಕಾಶಕರೂ ಇಲ್ಲ, ವಿಮರ್ಶೆಗೆ ಬರುವ ಎರಡು ಪ್ರತಿಗಳೂ ಇಲ್ಲ. ಆದುದರಿಂದ ವಿಮರ್ಶಕನ ಕೆಲಸದ ಒಂದು ಪಾಲು ಓದುಗನ ಮೇಲೆಯೇ ಬೀಳುತ್ತದೆ. ಮತ್ತೊಬ್ಬರಿಗೆ ಕಳುಹಿಸುವವನ ಮೇಲಂತೂ ಪೂರ್ತಿಯಾಗಿ ಬೀಳುತ್ತದೆ.

ಮೇಲೆ ಹೇಳಿದ ‘ಶೂನ್ಯಸಂಪಾದನೆ’ಯನ್ನೇ ನೋಡಬಹುದು. ಆ ಹೆಸರಿನ ಗ್ರಂಥ ಒಂದಲ್ಲ, ನಾಲ್ಕು. ಶಿವಗಣಪ್ರಸಾದಿ ಮಹಾದೇವಯ್ಯನದು ಮೊದಲನೆಯದು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ಇವರವು ಅನಂತರದವು. ನಾಲ್ಕರಲ್ಲಿಯೂ ಅಲ್ಲಮಪ್ರಭುವೇ ಕೇಂದ್ರ, ಸಂವಾದವೇ ರೀತಿ. ಆದರೆ ಪ್ರಸಂಗಗಳಲ್ಲಿ ಮಹತ್ತ್ವದ ವ್ಯತ್ಯಾಸಗಳಿವೆ. ಸಿದ್ಧರಾಮರ ಇಷ್ಟಲಿಂಗ ದೀಕ್ಷೆಯ ಪ್ರಸಂಗ ಮಹಾದೇವಯ್ಯನ ಕೃತಿಯಲ್ಲಿಲ್ಲ; ಮುಂದೆ ಬಂದ ಸಂಕಲನಗಳಲ್ಲಿ ಸೇರಿದೆ. ಹೀಗಿರುವಲ್ಲಿ ಆರಂಭದ ಪುಟಗಳು ಹರಿದುಹೋದ ಒಂದು ಕಡತವನ್ನು ಓದಿ ‘ಶೂನ್ಯಸಂಪಾದನೆಯಲ್ಲಿ ಹೀಗಿದೆ’ ಎಂದು ಪ್ರಬಂಧದಲ್ಲಿ ಬರೆದ ವಿದ್ಯಾರ್ಥಿ ಯಾವ ಶೂನ್ಯಸಂಪಾದನೆಯ ಮಾತನ್ನು ಆಡುತ್ತಿದ್ದಾನೆಂಬುದು ಅವನಿಗೂ ತಿಳಿಯದು, ಪರೀಕ್ಷಕರಿಗೂ ತಿಳಿಯದು. ಗೂಳೂರು ಸಿದ್ಧವೀರಣ್ಣೊಡೆಯನ ಕೃತಿಯನ್ನು ಫ. ಗು. ಹಳಕಟ್ಟಿಯವರು 1930ರಲ್ಲಿ ಪ್ರಕಟಿಸಿದರು; ಅದನ್ನೇ ಸಂ. ಶಿ. ಭೂಸನೂರಮಠರು 1958ರಲ್ಲಿ ಸಂಪಾದಿಸಿ ಕೊಟ್ಟರು. ಕರ್ನಾಟಕ ವಿಶ್ವವಿದ್ಯಾಲಯದ ಇಂಗ್ಲಿಷ್ ಅನುವಾದದ ಐದು ಸಂಪುಟಗಳಿಗೂ ಗೂಳೂರಿನ ಸಂಕಲನವೇ ಆಧಾರ. ಕಡತದ ಮೊದಲ ನಾಲ್ಕು ಪುಟಗಳನ್ನು ನೋಡಿದ್ದರೆ ಇವಿಷ್ಟೂ ಅಲ್ಲಿಯೇ ಸಿಕ್ಕುತ್ತಿದ್ದವು.

ಪಾಠದ ಪ್ರಶ್ನೆ ಕೇವಲ ವಿದ್ವಾಂಸರ ಹವ್ಯಾಸವಲ್ಲವೆಂಬುದಕ್ಕೆ ಇನ್ನೊಂದು ನಿದರ್ಶನವನ್ನು ಎಲ್ಲರೂ ಬಲ್ಲರು. ಬಸವಣ್ಣನವರ ವಚನಗಳ ಅಂಕಿತವಾದ ‘ಕೂಡಲಸಂಗಮದೇವ’ ಎಂಬುದನ್ನು ‘ಲಿಂಗದೇವ’ ಎಂದು ಬದಲಿಸಿ ಮಾತೆ ಮಹಾದೇವಿಯವರು ಹೊರತಂದ ‘ವಚನ ದೀಪ್ತಿ’ಯನ್ನು ರಾಜ್ಯ ಸರಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ಆ ವಾದದ ಗುಣದೋಷಗಳು ಇಲ್ಲಿ ಪ್ರಸ್ತುತವಲ್ಲ. ಬಿಡಿ ವಚನವೊಂದು ಬಳಗದಿಂದ ಬಳಗಕ್ಕೆ ಹಾರಿಬರುವಾಗ ಅದು ಯಾವ ಪಾಠವೆಂದು ಹೇಳುವ ಗುರುತು ಅದರ ಮೈಮೇಲೆ ಇರುವುದಿಲ್ಲವೆಂಬುದಷ್ಟೇ ಇಲ್ಲಿಯ ಮಾತು. ಯಾವ ಶರಣರೂ ಬರೆಯದ, ಇತ್ತೀಚೆಗೆ ಯಾರೋ ಹೊಸೆದ ಸಾಲುಗಳು ಬಸವಣ್ಣನವರ ಹೆಸರಿನಲ್ಲಿ ಚಿತ್ರಸಹಿತವಾಗಿ ಸಂಚರಿಸುವುದು ಇದಕ್ಕಿಂತ ದೊಡ್ಡ ಅನರ್ಥ.

ಇ-ಪುಸ್ತಕವೆಂದು ಒಂದೇ ಹೆಸರಿನಿಂದ ಕರೆಯುವ ವಸ್ತುವಿನಲ್ಲಿ ಎರಡು ಜಾತಿಗಳಿವೆ. ಒಂದು, ಮುದ್ರಿತ ಪುಟದ ಛಾಯಾಚಿತ್ರ. ಇನ್ನೊಂದು, ಅಕ್ಷರಗಳನ್ನು ಗಣಕಯಂತ್ರಕ್ಕೆ ತಿಳಿಯುವಂತೆ ಜೋಡಿಸಿದ ಪಠ್ಯ. ಛಾಯಾಪ್ರತಿ ನೋಡಲು ಮಾಸಲಾಗಿದ್ದರೂ ಸತ್ಯವಂತ. ಅಚ್ಚಿನಲ್ಲಿದ್ದುದೇ ಅದರಲ್ಲಿರುತ್ತದೆ, ಪುಟ ಬಿಟ್ಟುಹೋಗಿರಬಹುದು, ಅಕ್ಷರ ಬದಲಾಗಿರಲಾರದು. ಪಠ್ಯರೂಪದ ಪುಸ್ತಕ ಅಚ್ಚುಕಟ್ಟಾಗಿ ಕಾಣುತ್ತದೆ, ಬೇಕಾದ ಶಬ್ದವನ್ನು ಹುಡುಕಿ ಕೊಡುತ್ತದೆ, ಅಕ್ಷರವನ್ನು ದೊಡ್ಡದಾಗಿಸಿಕೊಳ್ಳಬಹುದಾದುದರಿಂದ ವಯೋವೃದ್ಧರಿಗೂ ಅನುಕೂಲ. ಆದರೆ ಅದರಲ್ಲಿ ತಪ್ಪು ಮರೆಯಾಗಿ ಕುಳಿತಿರುತ್ತದೆ. ಚಿತ್ರವನ್ನು ನೋಡಿ ಅಕ್ಷರ ಗುರುತಿಸುವ ಓಸಿಆರ್ ಎಂಬ ತಂತ್ರವು ಕನ್ನಡದ ಒತ್ತಕ್ಷರಗಳಲ್ಲಿ, ಅರ್ಕಾವೊತ್ತಿನಲ್ಲಿ, ಹಳಗನ್ನಡದ ೞ, ಱ ಗಳಲ್ಲಿ ಎಡವುತ್ತದೆ. ‘ಷ’ ‘ಪ’ಗಳು, ‘ಥ’ ‘ಧ’ಗಳು ಅದಕ್ಕೆ ಒಂದರಂತೆ ಇನ್ನೊಂದು ಕಾಣುತ್ತವೆ. ‘ಷಟ್‌ಸ್ಥಲ’ವು ‘ಪಟ್‌ಸ್ಥಲ’ವಾಯಿತೆನ್ನೋಣ. ಓದುವ ಭಕ್ತನಿಗೆ ಅದು ನಗು ತರುವ ತಪ್ಪು ಮಾತ್ರ. ಆದರೆ ಆ ಶಬ್ದವನ್ನು ಹುಡುಕಿದ ಸಂಶೋಧನ ವಿದ್ಯಾರ್ಥಿಗೆ ಯಂತ್ರವು ‘ಇಲ್ಲ’ ಎಂದು ಉತ್ತರಿಸುತ್ತದೆ, ಅವನು ಗ್ರಂಥದಲ್ಲಿಯೇ ಆ ಪರಿಭಾಷೆ ಇಲ್ಲವೆಂದು ನಿರ್ಣಯಿಸುತ್ತಾನೆ. ಹಳೆಯ ನುಡಿ ಮೊದಲಾದ ಲಿಪಿತಂತ್ರಾಂಶಗಳಲ್ಲಿ ಜೋಡಿಸಿದ ಕಡತಗಳಲ್ಲಿಯೂ ಇದೇ ಗತಿ. ಕಣ್ಣಿಗೆ ಶುದ್ಧ ಕನ್ನಡ. ಯೂನಿಕೋಡ್ ಅಲ್ಲದ ಕಾರಣ ಯಂತ್ರಕ್ಕೆ ಅದು ಅರ್ಥಹೀನ ರೋಮನ್ ಅಕ್ಷರಗಳ ರಾಶಿ. ಹಿಂದೆ ತಾಡವೋಲೆಯ ಲಿಪಿಕಾರನೂ ತಪ್ಪು ಮಾಡುತ್ತಿದ್ದನು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಕೊನೆಗೆ ವಿನಯದಿಂದ ಬರೆದಿಡುತ್ತಲೂ ಇದ್ದನು. ಯಂತ್ರಕ್ಕೆ ಆ ವಿನಯವಿಲ್ಲ.

ಹುಡುಕುವ ನೆಲೆಗಳು ಹಲವಿವೆ. ವಚನದ ಮಟ್ಟಿಗೆ ಹೇಳುವುದಾದರೆ ‘ವಚನ ಸಂಚಯ’ವನ್ನು ಮೊದಲು ಹೆಸರಿಸಬೇಕು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಒಂದು ಶಬ್ದ ಎಲ್ಲೆಲ್ಲಿ ಬಂದಿದೆ, ಯಾವ ವಚನಕಾರರು ಅದನ್ನು ಬಳಸಿದ್ದಾರೆ ಎಂಬುದನ್ನು ಅದು ತೋರಿಸುತ್ತದೆ. ಹಿಂದೆ ಒಬ್ಬ ವಿದ್ವಾಂಸನ ವರ್ಷಗಳನ್ನು ತಿನ್ನುತ್ತಿದ್ದ ಕೆಲಸವಿದು. ಆದರೂ ಅದು ಶೋಧನೆಯ ಸಾಧನವೇ ಹೊರತು ಉಲ್ಲೇಖಿಸತಕ್ಕ ಅಂತಿಮ ಪಾಠವಲ್ಲ. ಅಲ್ಲಿ ಸಿಕ್ಕ ವಚನವನ್ನು 1993ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದ ‘ಸಮಗ್ರ ವಚನ ಸಂಪುಟ’ದ ಪುಟದೊಡನೆ ಹೋಲಿಸಿಕೊಳ್ಳಬೇಕು. ಕೋಶಗಳಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’, ಇತರ ವಿಷಯಗಳಿಗೆ ‘ಕಣಜ’, ಸಾಮಾನ್ಯ ವಾಚನಕ್ಕೆ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಇವೆ. ಹೊಸ ಲೇಖಕರ ಕೃತಿಗಳನ್ನು ಹಣ ಕೊಟ್ಟು ಕೊಳ್ಳುವ ಕನ್ನಡ ಆಪ್‌ಗಳೂ ಇವೆ. ಲೇಖಕರು ಬದುಕಿರುವಲ್ಲಿ ಕೊಂಡು ಓದುವುದೇ ನ್ಯಾಯ.

ಹಳೆಯ ಗ್ರಂಥಗಳ ಮಹಾಸಾಗರವೆಂದರೆ ಇಂಟರ್ನೆಟ್ ಆರ್ಕೈವ್. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಚಿತ್ರಿಸಿದ ಸಹಸ್ರಾರು ಕನ್ನಡ ಪುಸ್ತಕಗಳು ಅಲ್ಲಿ ಬಂದು ಸೇರಿವೆ. ಆದರೆ ಕನ್ನಡದಲ್ಲಿ ಹೆಸರು ಬರೆದು ಹುಡುಕಿದರೆ ಅವುಗಳಲ್ಲಿ ಹೆಚ್ಚಿನವು ಸಿಕ್ಕುವುದಿಲ್ಲ. ಕಾರಣ ಸರಳವಾದುದು: ಪುಸ್ತಕಗಳ ಹೆಸರನ್ನು ರೋಮನ್ ಲಿಪಿಯಲ್ಲಿ, ಅದೂ ಕನ್ನಡ ಬಾರದವರು ಬರೆದಂತೆ ತೋರುವ ಕಾಗುಣಿತದಲ್ಲಿ ನಮೂದಿಸಲಾಗಿದೆ. ‘ವಚನ’ದ ಚಕಾರವನ್ನು ಒಬ್ಬರು ಒಂದು ರೋಮನ್ ಅಕ್ಷರದಿಂದ, ಇನ್ನೊಬ್ಬರು ಎರಡರಿಂದ ಬರೆದಿದ್ದಾರೆ, ದೀರ್ಘಸ್ವರಗಳ ಪಾಡಂತೂ ಹೇಳುವಂತಿಲ್ಲ. ಒಂದೇ ಹೆಸರನ್ನು ಮೂರು ನಾಲ್ಕು ಬಗೆಯ ಕಾಗುಣಿತಗಳಿಂದ ಹುಡುಕಬೇಕು, ಗ್ರಂಥದ ಹೆಸರು ಸಿಕ್ಕದಿದ್ದರೆ ಸಂಪಾದಕರ ಹೆಸರಿನಿಂದ ಹುಡುಕಬೇಕು. ಸಿಕ್ಕ ಮೇಲೆ ಕೊನೆಯ ಪುಟದ ವರೆಗೆ ತಿರುವಿ ನೋಡಬೇಕು. ನಡುವೆ ಪುಟಗಳು ಇಲ್ಲದಿರುವುದು ಅಪರೂಪವಲ್ಲ. ಬೀದರದ ಹಿರಿಯರಲ್ಲಿ ಉರ್ದು ಬಲ್ಲವರು ‘ರೇಖ್ತಾ’ದಲ್ಲಿ ಉರ್ದು ಗ್ರಂಥಗಳು ಎಷ್ಟು ಕ್ರಮವಾಗಿ ದೊರೆಯುತ್ತವೆಂಬುದನ್ನು ಬಲ್ಲರು. ಕನ್ನಡಕ್ಕೆ ಅಂಥದೊಂದು ಏರ್ಪಾಡು ಬರಬೇಕಾಗಿದೆ.

ಉಚಿತವಾಗಿ ದೊರೆಯುವುದೆಲ್ಲ ಮುಕ್ತವಾದುದಲ್ಲವೆಂಬುದನ್ನೂ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕನ ಹಕ್ಕು ಅವನು ತೀರಿದ ವರ್ಷದ ಮುಂದಿನ ವರ್ಷದಿಂದ ಅರವತ್ತು ವರ್ಷಗಳ ವರೆಗೆ ಉಳಿಯುತ್ತದೆ. ‘ವಚನ ಧರ್ಮಸಾರ’ವನ್ನು ಬರೆದ ಎಂ. ಆರ್. ಶ್ರೀನಿವಾಸಮೂರ್ತಿಯವರು 1953ರಲ್ಲಿ ನಿಧನರಾದುದರಿಂದ ಆ ಗ್ರಂಥ 2014ರಿಂದ ಮುಕ್ತವಾಗಿದೆ. ಉತ್ತಂಗಿ ಚನ್ನಪ್ಪನವರ (1881-1962) ಬರಹಗಳು 2023ರಿಂದ. ಎಲ್ಲಕ್ಕಿಂತ ಮಿಗಿಲಾದುದು ಹಳಕಟ್ಟಿಯವರ ವಿಷಯ. 1964ರಲ್ಲಿ ತೀರಿದ ಅವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಗ್ರಂಥಗಳು 2025ರ ಜನವರಿ 1ರಿಂದ ಯಾರು ಬೇಕಾದರೂ ಅಚ್ಚುಹಾಕಬಹುದಾದ, ಪಠ್ಯರೂಪಕ್ಕೆ ತರಬಹುದಾದ ಸ್ವತ್ತಾಗಿವೆ. ಆದರೆ ಅವರ ಗ್ರಂಥವನ್ನು ಇತ್ತೀಚೆಗೆ ಮರುಮುದ್ರಿಸಿ ಬೇರೊಬ್ಬರು ಬರೆದ ಪ್ರಸ್ತಾವನೆ, ಟಿಪ್ಪಣಿಗಳಿಗೆ ಪ್ರತ್ಯೇಕ ಹಕ್ಕು ಇರುತ್ತದೆ. ಅವನ್ನು ಸೇರಿಸಿ ಹಂಚುವಂತಿಲ್ಲ.

ಹಾಗಾದರೆ ಇ-ಪುಸ್ತಕವನ್ನು ಶಿಫಾರಸು ಮಾಡುವ ಬಗೆ ಹೇಗೆ? ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನೇ ಒಬ್ಬರು ಇನ್ನೊಬ್ಬರಿಗೆ ಕಳುಹಿಸುತ್ತಾರೆಂದು ಭಾವಿಸೋಣ. ಅವರು ಸುಮಾರು ಹೀಗೆ ಬರೆಯಬಹುದು: ಇದು 1923ರಲ್ಲಿ ಪ್ರಕಟವಾದ ಗ್ರಂಥ, ಮನೆಮನೆ ತಿರುಗಿ ತಾಡವೋಲೆಗಳನ್ನು ಕೂಡಿಸಿದ ವಕೀಲರೊಬ್ಬರು ವಚನಗಳನ್ನು ವಿಷಯಾನುಸಾರ ವಿಂಗಡಿಸಿ ಕನ್ನಡಿಗರ ಮುಂದಿಟ್ಟುದು. ಕಡತ ಛಾಯಾಪ್ರತಿಯಾಗಿದೆ, ಶಬ್ದವನ್ನು ಹುಡುಕಲು ಬಾರದು, ಇಂತಿಷ್ಟನೆಯ ಪುಟ ಇಲ್ಲ. ವಚನ ಸಾಹಿತ್ಯ ಮೊದಲು ಬೆಳಕಿಗೆ ಬಂದ ಬಗೆಯನ್ನು ಅರಿಯಲು ಇದನ್ನು ಓದಬೇಕು. ಪ್ರಬಂಧದಲ್ಲಿ ಉದ್ಧರಿಸುವ ಪಾಠಕ್ಕೆ ‘ಸಮಗ್ರ ವಚನ ಸಂಪುಟ’ವನ್ನು ನೋಡಬೇಕು. ಇಷ್ಟು ಬರೆಯಲು ಕಾಲು ಗಂಟೆ ಸಾಕು. ಆದರೆ ಬರೆಯುವವರು ಗ್ರಂಥವನ್ನು ಓದಿರಬೇಕು, ಅದೊಂದೇ ತೊಡಕು. ಓದದೆ ಕಳುಹಿಸುವ ಅಭ್ಯಾಸವನ್ನು ನಿಲ್ಲಿಸಿದರೆ ಬಳಗಗಳಿಗೆ ಬರುವ ಕಡತಗಳು ಹತ್ತರಲ್ಲಿ ಒಂದಕ್ಕೆ ಇಳಿದಾವು. ಆ ಒಂದನ್ನು ಜನ ತೆರೆದು ನೋಡಿಯಾರು.

ವಿದ್ಯಾರ್ಥಿಗಳ ಕೈಯಲ್ಲಿ ಇದಕ್ಕಿಂತ ಹೆಚ್ಚಿನ ಕೆಲಸವೂ ಇದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಒಂದು ಕಡೆಗೆ ಗ್ರಂಥದ ಛಾಯಾಪುಟ, ಇನ್ನೊಂದು ಕಡೆಗೆ ಯಂತ್ರ ಓದಿದ ಪಠ್ಯ ಇರುತ್ತದೆ. ಒಬ್ಬನು ಒಂದು ಪುಟವನ್ನು ಹೋಲಿಸಿ ತಿದ್ದುತ್ತಾನೆ. ಮತ್ತೊಬ್ಬನು ಅದನ್ನೇ ಇನ್ನೊಮ್ಮೆ ನೋಡಿ ಒಪ್ಪುತ್ತಾನೆ. ಇಬ್ಬರ ಕಣ್ಣು ಹಾಯ್ದ ಮೇಲೆಯೇ ಪುಟ ಪರಿಶೀಲಿತವೆಂದು ಗುರುತಾಗುತ್ತದೆ. ಗ್ರಂಥಸಂಪಾದನೆಯನ್ನು ಪಾಠವಾಗಿ ಓದುವ ಬೀದರದ ಎಂ.ಎ. ವಿದ್ಯಾರ್ಥಿಗಳು, ಭಾಲ್ಕಿಯ ಕಾಲೇಜು ವಿದ್ಯಾರ್ಥಿಗಳು ವಾರಕ್ಕೆ ನಾಲ್ಕು ಪುಟಗಳಂತೆ ಹಳಕಟ್ಟಿಯವರ ಒಂದು ಗ್ರಂಥವನ್ನು ಕೈಗೆತ್ತಿಕೊಂಡರೂ ‘ಷ’ ‘ಪ’ಗಳ ಗೊಂದಲವಿಲ್ಲದ, ನಂಬತಕ್ಕ ಪಠ್ಯವೊಂದು ಸಿದ್ಧವಾದೀತು. ಔರಾದ ತಾಲೂಕಿನ ಹಳ್ಳಿಗಳಲ್ಲಿ ಗಣಕಯಂತ್ರವಿರುವ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಕುಳಿತೇ ಇದನ್ನು ಮಾಡಬಹುದು.

ಈ ಸೀಮೆಯ ಸ್ವಂತ ಗ್ರಂಥಗಳ ಸ್ಥಿತಿ ಬೇರೆ. ಸೊಲ್ಲಾಪುರದಲ್ಲಿ ಜನಿಸಿ ಬಸವಕಲ್ಯಾಣದಲ್ಲಿ ನೆಲೆಸಿದ, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಮಹಿಳೆಯರಲ್ಲಿ ಮೊದಲಿಗರಾಗಿ ಏರಿದ ಜಯದೇವಿತಾಯಿ ಲಿಗಾಡೆಯವರು ಕನ್ನಡ ಮರಾಠಿಗಳೆರಡರಲ್ಲಿಯೂ ಬರೆದವರು. ಅವರು ತೀರಿದುದು 1986ರಲ್ಲಿ. ಅವರ ‘ಶ್ರೀ ಸಿದ್ಧರಾಮ ಪುರಾಣ’ 2046ರ ಕೊನೆಯ ವರೆಗೂ ಕೃತಿಸ್ವಾಮ್ಯಕ್ಕೆ ಒಳಪಟ್ಟಿರುತ್ತದೆ. ಅಷ್ಟರಲ್ಲಿ ಹಳೆಯ ಪ್ರತಿಗಳ ಕಾಗದ ಉಳಿಯುವುದೆಂಬ ಭರವಸೆಯಿಲ್ಲ. ಮಠಗಳ, ಶಾಲೆಗಳ ಕಪಾಟುಗಳಲ್ಲಿ ಅವರ ಮತ್ತು ಈ ಜಿಲ್ಲೆಯ ಇತರ ಲೇಖಕರ ಯಾವ ಯಾವ ಪುಸ್ತಕಗಳಿವೆ, ಯಾವ ಸ್ಥಿತಿಯಲ್ಲಿವೆ ಎಂಬ ಯಾದಿಯನ್ನು ಈಗಲೇ ಬರೆದಿಟ್ಟು, ಹಕ್ಕುದಾರರ ಲಿಖಿತ ಅನುಮತಿ ಪಡೆದು, ಒಂದೊಂದನ್ನೇ ಶೀರ್ಷಿಕೆ ಪುಟದಿಂದ ತಪ್ಪು-ಒಪ್ಪುಗಳ ಪುಟದ ವರೆಗೆ ಬಿಡದೆ ಚಿತ್ರಿಸಿಡಬೇಕಾಗಿದೆ.