ಗೆದ್ದವನ ಪ್ರಸಂಗದಲ್ಲಿ ಸೋತವಳ ನಡೆ

ಘಟ್ಟದ ಕೆಳಗಣ ಸೀಮೆಯಿಂದ ಶಿರಾಡಿಯ ದಾರಿಯಾಗಿ ಮೇಲೇರಿ ಬರುವವರಿಗೆ, ಕೆಂಪುಹೊಳೆಯ ಕಾಡು ಹಿಂದೆ ಸರಿದು, ಕಾಫಿಯ ತೋಟಗಳೂ ಅವುಗಳ ನೆರಳಿಗೆಂದು ಬೆಳೆಸಿದ ಸಿಲ್ವರ್ ಮರಗಳೂ ಕಣ್ಣಿಗೆ ಬೀಳತೊಡಗುವ ಎಡೆಯಲ್ಲಿ, ಮಾರನಹಳ್ಳಿಯ ಆಸುಪಾಸಿನಲ್ಲಿ, ಹೆಗ್ಗದ್ದೆಯೆಂಬ ಊರು ಎದುರಾಗುವುದು. ಉಪ್ಪು, ಒಣಮೀನು ಮೇಲಕ್ಕೂ, ಏಲಕ್ಕಿ, ಮೆಣಸು, ಕಾಫಿ ಕೆಳಕ್ಕೂ ಸಾಗಿದ ಈ ಘಟ್ಟಗಳ ಮಾರ್ಗದಲ್ಲಿಯೇ ತಕ್ಕಡಿಯ ತೂಕಕ್ಕೆ ಸಿಕ್ಕದ ಇನ್ನೊಂದು ಸರಕೂ ಮೇಲೇರಿ ಬಂದಿತು, ಅದು ಯಕ್ಷಗಾನ. ದೀಪಾವಳಿ ಕಳೆದ ಬಳಿಕ ತಿರುಗಾಟಕ್ಕೆ ಹೊರಡುವ ಮೇಳಗಳು ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವುವಷ್ಟೆ. ಈ ನಡುವಣ ಕಾಲವು ಮಲೆನಾಡಿನಲ್ಲಿ ಕಾಫಿಯ ಕುಯ್ಲು ಮುಗಿದು, ಬೆಳೆಗಾರನು ಹೂಮಳೆಗಾಗಿ ಮುಗಿಲು ನೋಡುತ್ತ ಕುಳಿತಿರುವ ಕಾಲವೂ ಹೌದು. ಧರ್ಮಸ್ಥಳ, ಮಂದಾರ್ತಿ ಮೊದಲಾದ ಕ್ಷೇತ್ರಗಳ ಹೆಸರಾಂತ ಮೇಳಗಳು ಹರಕೆ ಹೊತ್ತವರ ಸೇವೆಯಾಟಗಳಿಗೆಂದು ಘಟ್ಟದ ಮೇಲಣ ಊರುಗಳಿಗೆ ಬರುವುದುಂಟು. ಸಂಜೆ ಕೇಳಿಯ ಚೆಂಡೆ ಮೊಳಗಿತೆಂದರೆ ಇಂದು ಆಟವಿದೆಯೆಂದು ಸುತ್ತಣ ತೋಟಗಳ ಲೈನುಮನೆಗಳಿಗೂ ಬೇರೆ ಡಂಗುರ ಬೇಡ.

ಈ ಮೇಳಗಳು ಆಡುವ ಪ್ರಸಂಗಗಳಲ್ಲಿ ಯುದ್ಧಕ್ಕೇನೂ ಕೊರತೆಯಿಲ್ಲ, ವಿವಾಹಕ್ಕೂ ಕೊರತೆಯಿಲ್ಲ. ಆದರೆ ಕೈಗೂಡದ ಪ್ರೇಮವನ್ನೇ ಒಡಲಾಗಿಟ್ಟುಕೊಂಡು, ಅದರ ಹೊಣೆಯನ್ನು ಯಾರ ಮೇಲೆ ಹೊರಿಸಬೇಕೆಂಬುದನ್ನು ಇತ್ಯರ್ಥಮಾಡದೆ ಪ್ರೇಕ್ಷಕನ ಮುಂದೆ ಬಿಡುವ ಪ್ರಸಂಗಗಳು ವಿರಳ. ಅಂತಹವುಗಳಲ್ಲಿ ಅಗ್ರಗಣ್ಯವಾದುದು ‘ಭೀಷ್ಮವಿಜಯ’.

ಕಥೆ ಎಲ್ಲರಿಗೂ ತಿಳಿದದ್ದೇ. ಕಾಶೀರಾಜನ ಮೂವರು ಕುವರಿಯರ ಸ್ವಯಂವರಕ್ಕೆ ಬಂದ ಭೀಷ್ಮನು ನೆರೆದ ರಾಜರನ್ನೆಲ್ಲ ಗೆದ್ದು, ತಮ್ಮನಾದ ವಿಚಿತ್ರವೀರ್ಯನಿಗಾಗಿ ಮೂವರನ್ನೂ ರಥವೇರಿಸಿಕೊಂಡು ಹಸ್ತಿನಾವತಿಗೆ ಒಯ್ಯುತ್ತಾನೆ. ಹಿರಿಯಳಾದ ಅಂಬೆ ತಾನು ಸಾಲ್ವನಿಗೆ ಮನಸ್ಸಿತ್ತವಳೆಂದು ಅರುಹಲು, ಭೀಷ್ಮನು ಅವಳನ್ನು ವೃದ್ಧ ಬ್ರಾಹ್ಮಣರ ಕಾವಲಿನಲ್ಲಿ ಗೌರವದಿಂದಲೇ ಸಾಲ್ವನಲ್ಲಿಗೆ ಕಳುಹಿಸಿಕೊಡುತ್ತಾನೆ. ಸಾಲ್ವನೋ, ಇನ್ನೊಬ್ಬನು ಗೆದ್ದೊಯ್ದವಳನ್ನು ಕೈಹಿಡಿದರೆ ಕ್ಷತ್ರಿಯನಾದ ತಾನು ಶತ್ರುವಿನಿಂದ ಭಿಕ್ಷೆ ಬೇಡಿದಂತಾಗುವುದೆಂದು ತಿರಸ್ಕರಿಸುತ್ತಾನೆ. ಅವಳು ಮರಳಿ ಬಂದು ನೀನೇ ವರಿಸೆಂದರೆ, ಬ್ರಹ್ಮಚರ್ಯದ ಪ್ರತಿಜ್ಞೆಯನ್ನು ಮುರಿಯಲಾರೆನೆನ್ನುತ್ತಾನೆ ಭೀಷ್ಮ. ಭೀಷ್ಮನ ಗುರುವಾದ ಪರಶುರಾಮನನ್ನು ಅವಳು ಮರೆಹೊಗುತ್ತಾಳೆ. ಗುರುಶಿಷ್ಯರಿಗೆ 23 ದಿನಗಳ ಯುದ್ಧ ನಡೆಯುತ್ತದೆ. ಆದರೂ ಭೀಷ್ಮನು ಮಣಿಯುವುದಿಲ್ಲ.

ಇಲ್ಲಿ ಖಳನೆಂಬುವನು ಯಾರು? ಭೀಷ್ಮನದು ತಂದೆಗಾಗಿ ತೊಟ್ಟ ವ್ರತ. ಸಾಲ್ವನದು ಕುಲದ ಮಾನ. ಪರಶುರಾಮನದು ಶರಣಾಗತಳಿಗೆ ಕೊಟ್ಟ ಅಭಯ. ಒಬ್ಬೊಬ್ಬರೂ ತಮ್ಮ ತಮ್ಮ ಧರ್ಮವನ್ನು ಅಕ್ಷರಶಃ ಪಾಲಿಸುತ್ತಾರೆ. ಎಲ್ಲರ ಧರ್ಮವೂ ಪಾಲಿತವಾದ ಮೇಲೆ ನಿಲ್ಲಲು ಸ್ಥಳವಿಲ್ಲದೆ ಉಳಿಯುವವಳು ಅಂಬೆಯೊಬ್ಬಳೇ. ಅವಳ ಪ್ರೇಮವನ್ನು ಕೊಂದದ್ದು ದೈವವಲ್ಲ, ಶಾಪವಲ್ಲ, ದುರ್ಜನರ ಕುತಂತ್ರವೂ ಅಲ್ಲ, ಮರ್ಯಾದಸ್ಥರ ಮರ್ಯಾದೆ. ಇದನ್ನು ರಂಗದ ಮೇಲೆ ತೋರಿಸುವ ಬಗೆ ಯಾವುದೆಂಬುದೇ ನಮ್ಮ ಮುಂದಿನ ವಿಚಾರ.

ಯುರೋಪಿನ ಬ್ಯಾಲೆಯು ಇಂತಹುದೇ ವಸ್ತುವನ್ನು ಎತ್ತಿಕೊಂಡಾಗ ಏನು ಮಾಡಿತೆಂಬುದನ್ನು ಮೊದಲು ನೋಡೋಣ. 1841ರ ಜೂನ್ 28ರಂದು ಪ್ಯಾರಿಸ್ಸಿನ ಒಪೆರಾ ರಂಗಮಂದಿರದಲ್ಲಿ ‘ಜಿಸೆಲ್’ ಮೊದಲ ಬಾರಿಗೆ ಪ್ರದರ್ಶಿತವಾಯಿತು. ಜರ್ಮನ್ ಕವಿ ಹೈನೆಯು ಬರೆದಿದ್ದ ಐತಿಹ್ಯವೊಂದರಿಂದ ಪ್ರೇರಿತನಾಗಿ ಥಿಯೋಫಿಲ್ ಗೋತಿಯೆ ಎಂಬ ಕವಿ ಸಹಲೇಖಕನೊಡನೆ ಕಥೆ ಹೆಣೆದನು; ಅಡಾಲ್ಫ್ ಆದಾಮ್ ಸಂಗೀತವಿತ್ತನು. ಹಳ್ಳಿಯ ಹುಡುಗಿಯೊಬ್ಬಳು ವೇಷ ಮರೆಸಿಕೊಂಡು ಬಂದ ಸಿರಿವಂತನಿಗೆ ಒಲಿದು, ಅವನಿಗೆ ಮೊದಲೇ ವಿವಾಹ ನಿಶ್ಚಿತವಾಗಿದೆಯೆಂದು ತಿಳಿದಾಗ ಬುದ್ಧಿ ಕದಡಿ ಅಸುನೀಗುತ್ತಾಳೆ. ಎರಡನೆಯ ಅಂಕದಲ್ಲಿ, ವಿವಾಹಕ್ಕೆ ಮುನ್ನ ಮಡಿದ ಕನ್ಯೆಯರ ಪ್ರೇತಗಳು ಇರುಳಿನಲ್ಲಿ ಕೈಗೆ ಸಿಕ್ಕ ಪುರುಷರನ್ನು ಸಾಯುವವರೆಗೆ ಕುಣಿಸುವುವು. ಆದರೆ ಜಿಸೆಲ್ ತನ್ನನ್ನು ವಂಚಿಸಿದವನನ್ನೇ ಬೆಳಗಿನ ಗಂಟೆ ಬಾರಿಸುವ ತನಕ ಕಾಪಾಡಿ, ಕ್ಷಮಿಸಿ, ಗೋರಿಗೆ ಹಿಂದಿರುಗುತ್ತಾಳೆ.

ಈ ಗೋತಿಯೆಯ ಸಂಗತಿಯಲ್ಲಿ ನಮಗೆ ಆಸಕ್ತಿ ಹುಟ್ಟಿಸುವ ವಿಷಯವೊಂದುಂಟು. 1838ರಲ್ಲಿ ತಮಿಳು ಸೀಮೆಯ ದೇವದಾಸಿಯರ ತಂಡವೊಂದು ಪ್ಯಾರಿಸ್ಸಿಗೆ ಹೋದಾಗ ಅವರ ನರ್ತನವನ್ನು ಕಂಡು ಮಾರುಹೋಗಿ ಬರೆದವರಲ್ಲಿ ಅವನೂ ಒಬ್ಬ. ಇಪ್ಪತ್ತು ವರ್ಷಗಳ ತರುವಾಯ, 1858ರಲ್ಲಿ, ಕಾಳಿದಾಸನ ಶಕುಂತಲೆಯನ್ನೇ ಬ್ಯಾಲೆಗೆ ಅಳವಡಿಸಿಕೊಟ್ಟನು. ಅದರ ನೃತ್ಯಸಂಯೋಜನೆ ಮಾಡಿದ ಲೂಸಿಯಾನ್ ಪೆಟಿಪಾ, ಜಿಸೆಲ್‌ಳ ಪ್ರಿಯಕರನ ಪಾತ್ರವನ್ನು ಮೊದಲು ಆಡಿದ್ದವನು. ಅವನ ತಮ್ಮ ಮಾರಿಯಸ್ ಪೆಟಿಪಾ 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದೇವಾಲಯದ ನರ್ತಕಿಯೊಬ್ಬಳ ವಿಫಲಪ್ರೇಮವನ್ನು ‘ಲಾ ಬಯಾದೇರ್’ ಎಂಬ ಬ್ಯಾಲೆಯಾಗಿಸಿದನು. ಹೀಗೆ ಭಾರತವು ಯುರೋಪಿನ ಬ್ಯಾಲೆಗೆ ನಾಯಿಕೆಯರನ್ನು ಒದಗಿಸಿತು. ಆದರೆ ಶಕುಂತಲೆ ಮರೆತವನನ್ನು ಕ್ಷಮಿಸಿದವಳು, ಜಿಸೆಲ್ ವಂಚಿಸಿದವನನ್ನು ಕ್ಷಮಿಸಿದವಳು. ಅಂಬೆಯಾದರೋ ಈ ಪಂಕ್ತಿಯಲ್ಲಿ ಕುಳಿತುಕೊಳ್ಳತಕ್ಕವಳಲ್ಲ. ಅವಳು ಅಗ್ನಿಪ್ರವೇಶಮಾಡಿ ಶಿಖಂಡಿಯಾಗಿ ಹುಟ್ಟಿ ಬಂದಳು. ಕುರುಕ್ಷೇತ್ರದ ಹತ್ತನೆಯ ದಿನ ಭೀಷ್ಮನು ಶರಶಯ್ಯೆಗೆ ಒರಗುವುದಕ್ಕೆ ಕಾರಣಳಾದಳು. ಅವಳ ಅರ್ಧದೇಹವು ಮೊಸಳೆಗಳಿಂದ ತುಂಬಿ, ವಕ್ರವಾಗಿ ಹರಿದು, ಮಳೆಗಾಲದಲ್ಲಿ ಮಾತ್ರ ನೀರು ಕಾಣುವ ನದಿಯಾಯಿತೆಂದು ಮಹಾಭಾರತವು ಹೇಳುವುದು. ಆಷಾಢದಲ್ಲಿ ಭೋರ್ಗರೆದು ಮಾಘದಲ್ಲಿ ಬರಿಯ ಕಲ್ಲಾಗಿ ಉಳಿಯುವ ಹಳ್ಳಗಳನ್ನು ಬಲ್ಲ ಮಲೆನಾಡಿಗನಿಗೆ ಆ ನದಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಕ್ಷಮಿಸುವವಳ ಕಥೆಯನ್ನು ಮೌನದಲ್ಲಿ ಹೇಳಬಹುದು. ನ್ಯಾಯ ಕೇಳುವವಳಿಗೆ ಮಾತು ಬೇಕು. ಬಯಲಾಟದ ಅರ್ಥಗಾರಿಕೆಯು ಅಂಬೆಗೆ ಆ ಮಾತನ್ನು ಕೊಟ್ಟಿತು. ಭಾಗವತರು ಪದ್ಯ ಹಾಡಿ ಮುಗಿಸಿದೊಡನೆ, ಬರೆದಿಟ್ಟ ಸಂಭಾಷಣೆಯ ಆಧಾರವಿಲ್ಲದೆ, ಪುರಾಣಜ್ಞಾನವನ್ನೂ ಸಮಯಸ್ಫೂರ್ತಿಯನ್ನೂ ಬಲವಾಗಿಟ್ಟುಕೊಂಡು ಪಾತ್ರಧಾರಿಗಳು ವಾದಕ್ಕಿಳಿಯುವರು. ಮನಸ್ಸನ್ನು ಕೇಳದೆ ದೇಹವನ್ನು ಗೆದ್ದದ್ದು ಯಾವ ಧರ್ಮವೆಂದು ಅವಳು ಕೇಳಿದರೆ, ಬಾಯಿ ತೆರೆದು ಹೇಳಬೇಕಾಗಿದ್ದ ಸ್ವಯಂವರ ಮಂಟಪದಲ್ಲಿಯೇ ಏಕೆ ಹೇಳಲಿಲ್ಲವೆಂದು ಭೀಷ್ಮನು ಮರುಪ್ರಶ್ನೆ ಹಾಕುವನು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳು ಈ ವಾಗ್ವಾದವನ್ನು ಶಾಸ್ತ್ರಚರ್ಚೆಯ ಮಟ್ಟಕ್ಕೆ ಏರಿಸಿದುದರಿಂದಲೇ, ಅಕ್ಷರ ಕಲಿಯದ ಪ್ರೇಕ್ಷಕನೂ ಧರ್ಮಸೂಕ್ಷ್ಮದ ವಿಷಯದಲ್ಲಿ ತನ್ನ ಅಭಿಪ್ರಾಯವನ್ನು ಧೈರ್ಯದಿಂದ ಹೇಳಬಲ್ಲವನಾದನು.

ಹಾಗೆಂದು ಮಾತೇ ಸರ್ವಸ್ವವೆನ್ನುವಂತಿಲ್ಲ. ಕೋಟ ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ವೆಂಬ ತಮ್ಮ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದವರು; ಸಂಶೋಧನೆಯಷ್ಟರಿಂದಲೇ ತೃಪ್ತರಾಗದೆ ಪ್ರಯೋಗಕ್ಕೂ ಇಳಿದು, ಅರ್ಥಗಾರಿಕೆಯನ್ನು ಕೈಬಿಟ್ಟು, ಇರುಳಿಡೀ ನಡೆಯುವ ಆಟವನ್ನು ಎರಡು ಮೂರು ಗಂಟೆಗಳಿಗೆ ಇಳಿಸಿ, ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸಫೋನನ್ನೂ ಕೂಡಿಸಿ ‘ಯಕ್ಷಗಾನ ಬ್ಯಾಲೆ’ಯನ್ನು ಕಟ್ಟಿದರು. ಅವರ ಯಕ್ಷರಂಗ ತಂಡವು ಆಡಿದ ರೂಪಕಗಳಲ್ಲಿ ‘ಭೀಷ್ಮವಿಜಯ’ವೂ ಸೇರಿತ್ತು. ಮಾತನ್ನು ಕಳೆದರೆ ಯಕ್ಷಗಾನದ ನಾಲಗೆಯನ್ನೇ ಕಿತ್ತಂತಾಯಿತೆಂದು ಮುನಿದವರು ಅನೇಕರಿದ್ದರು. ಅವರ ಮುನಿಸಿನಲ್ಲಿ ಸತ್ಯವಿತ್ತು. ಆದರೆ ಮಾತಿನ ಭರಾಟೆಯಲ್ಲಿ ಮರೆಯಾಗಿದ್ದ ಕುಣಿತಕ್ಕೂ ಭಾವಕ್ಕೂ ತಕ್ಕ ಸ್ಥಾನ ಬರಬೇಕೆಂಬ ಕಾರಂತರ ಹಟದಲ್ಲಿಯೂ ಸತ್ಯವಿತ್ತು.

ಆ ಸತ್ಯವೇನೆಂಬುದನ್ನು ಅರಿಯಬೇಕಾದರೆ ಅಂಬೆಯ ನಡೆಯನ್ನು ನೋಡಬೇಕು. ಬಯಲಾಟದಲ್ಲಿ ರಂಗಸ್ಥಳಕ್ಕೆ ಒಂದು ಸುತ್ತು ಬಂದರೆ ದೇಶ ದಾಟಿದಂತೆ. ಹಸ್ತಿನಾವತಿಯಿಂದ ಹೊರಡುವ ಅಂಬೆಯ ಮೊದಲ ಸುತ್ತಿನಲ್ಲಿ ಹಾಸ್ಯಗಾರನ ವೃದ್ಧ ಬ್ರಾಹ್ಮಣನು ಕೋಲೂರಿ ಹಿಂದೆ ಉಳಿಯುತ್ತಿರಲು, ಅವಳ ಗೆಜ್ಜೆ ಮದ್ದಳೆಯ ಪೆಟ್ಟಿಗಿಂತ ಮುಂದೋಡಲು ಆತುರಪಡುವುದು, ನಿಂತು ತಿರುಗಿ ನೋಡಿ ಅವನನ್ನು ಅವಸರಪಡಿಸುವುದರಲ್ಲಿಯೇ ಅವಳ ಪ್ರೇಮವೆಲ್ಲ ವ್ಯಕ್ತವಾಗುವುದು, ಜನ ನಗುವರು. ಸಾಲ್ವನು ಒಲ್ಲೆನೆಂದ ಮೇಲಿನ ಸುತ್ತೂ ಅದೇ ರಂಗಸ್ಥಳದ್ದು, ಅಷ್ಟೇ ಅಗಲದ್ದು. ಬಲ್ಲ ಸ್ತ್ರೀವೇಷಧಾರಿಯು ಇಲ್ಲಿ ಅಳುವುದಿಲ್ಲ. ಭಾಗವತರು ವಿಳಂಬಕ್ಕೆ ಇಳಿಸಿದ ತಾಳದ ಮೇಲೆ, ಮೊದಲು ಓಡಿದ ಹೆಜ್ಜೆಗಳನ್ನೇ ಒಂದೊಂದಾಗಿ ಇಟ್ಟುಕೊಂಡು, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬರುವನು. ಭೀಷ್ಮನ ಎದುರು ಬಂದು ನಿಲ್ಲುವ ಹೊತ್ತಿಗೆ ದುಃಖವು ಸಂಪೂರ್ಣವಾಗಿ ಕ್ರೋಧಕ್ಕೆ ತಿರುಗಿರಬೇಕು. ಈ ಪರಿವರ್ತನೆಯನ್ನು ಯಾವ ಅರ್ಥಗಾರಿಕೆಯೂ ಹೇಳಲಾರದು. ಅದು ಆಗುವುದು ಎರಡು ಮಾತುಗಳ ನಡುವೆ, ಕಾಲಿನಲ್ಲಿ.

ಆದುದರಿಂದ ಈ ವಸ್ತುವಿಗೆ ಮಾತು, ಕುಣಿತ ಎರಡೂ ಬೇಕು: ಅನ್ಯಾಯವನ್ನು ಸ್ಥಾಪಿಸುವುದಕ್ಕೆ ಮಾತು, ಅನ್ಯಾಯಕ್ಕೊಳಗಾದವಳು ಏನಾಗಿ ಹೋದಳೆಂಬುದನ್ನು ಕಾಣಿಸುವುದಕ್ಕೆ ಕುಣಿತ. ಇತ್ತೀಚೆಗೆ ಕಾಲಮಿತಿಯ ಆಟಗಳು ಹೆಚ್ಚಿವೆ; ಮರುದಿನ ಬೆಳಗ್ಗೆ ತೋಟಕ್ಕೂ ಶಾಲೆಗೂ ಹೋಗಬೇಕಾದವರಿಗೆ ಅದು ಅನುಕೂಲವೂ ಹೌದು, ಅದನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಆದರೆ ಗಡಿಯಾರ ನೋಡಿ ಆಟ ಕಡಿಮೆಮಾಡುವಾಗ ಕತ್ತರಿ ಬೀಳುವುದು ಸಾಮಾನ್ಯವಾಗಿ ಇಂತಹ ನಡಿಗೆಗಳ ಮೇಲೆ. ಉಳಿಯುವುದು ಧಿಗಿಣ ಹಾರಿ ಚಪ್ಪಾಳೆ ಗಿಟ್ಟಿಸುವ ಯುದ್ಧ. ‘ಭೀಷ್ಮವಿಜಯ’ವನ್ನು ಸೇವೆಯಾಡಿಸುವವರು ಮೇಳದವರೊಡನೆ ಮುಂಚಿತವಾಗಿಯೇ ಒಂದು ಮಾತು ಆಡಿಟ್ಟುಕೊಳ್ಳುವುದು ಲೇಸು: ಪರಶುರಾಮನ 23 ದಿನಗಳನ್ನು ಅರ್ಧ ಗಂಟೆಗೆ ಇಳಿಸಿದರೂ ಚಿಂತೆಯಿಲ್ಲ, ಅಂಬೆ ಹಿಂದಿರುಗಿ ಬರುವ ಒಂದು ಸುತ್ತನ್ನು ಮಾತ್ರ ಅವಸರಿಸಬಾರದು. ಭೀಷ್ಮನು ಗೆದ್ದನೆಂದು ತಿಳಿಯಲು ಪ್ರಸಂಗದ ಹೆಸರೇ ಸಾಕು. ಏನನ್ನು ತೆತ್ತು ಗೆದ್ದನೆಂದು ತಿಳಿಯಬೇಕಾದರೆ ಅವಳು ಪೂರ್ತಿ ನಡೆದು ಬರಬೇಕು.