ಮಲಗಿದ ಗಣಕವನ್ನು ಎಬ್ಬಿಸುವ ಬಗೆ

ಕಳೆದ ಮಳೆಗಾಲದಲ್ಲಿ ನಾವು ನೆರೆಮನೆಯ ಇಬ್ಬರು ಕಾಲೇಜು ವಿದ್ಯಾರ್ಥಿಗಳೊಡನೆ ಸೇರಿ ಮಾಳಿಗೆಯ ಮೇಲೆ ಒಂದು ಮಳೆಮಾಪಕವನ್ನು ಇರಿಸಿದ್ದೆವು. ಬಿದ್ದ ಮಳೆಯ ಲೆಕ್ಕವನ್ನು ಹಗಲಿರುಳೂ ಬರೆದಿಡಲು ಅಂಗೈಯಗಲದ ಒಂದು ಕಿರುಗಣಕವನ್ನು ನೇಮಿಸಿದ್ದಾಯಿತು. ಹನ್ನೊಂದು ವಾರಗಳ ಕಾಲ ಅದು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ಒಂದು ರಾತ್ರಿ ಗುಡುಗು ಸಿಡಿಲುಗಳ ನಡುವೆ ವಿದ್ಯುತ್ತು ಮೂರು ಸಲ ಹೋಗಿ ಬಂದಿತು. ಬೆಳಗ್ಗೆ ನೋಡಲಾಗಿ ಗಣಕವು ಏಳಲಿಲ್ಲ. ಅದರ ಎಸ್‌ಡಿ ಕಾರ್ಡನ್ನು ಬೇರೆ ಯಾವ ಯಂತ್ರವೂ ಓದಲಿಲ್ಲ. ಹನ್ನೊಂದು ವಾರಗಳ ಮಳೆಯ ಲೆಕ್ಕವು ಒಂದೇ ರಾತ್ರಿಯಲ್ಲಿ ಕೊಚ್ಚಿಹೋಗಿತ್ತು.

ಇನ್ನು ಮುಂದೆ ಈ ಪುಟ್ಟ ಕಾರ್ಡನ್ನು ನಂಬದೆ, ಗಣಕವನ್ನು ಪೆನ್‌ಡ್ರೈವಿನಿಂದಲೇ ಎಬ್ಬಿಸಬೇಕೆಂದು ನಾವು ನಿಶ್ಚಯಿಸಿದೆವು. ಇದು ಅರ್ಧ ಗಂಟೆಯ ಕೆಲಸವೆಂದು ಎಣಿಸಿದ್ದೆವು. ಹಿಡಿದದ್ದು ಮೂರು ದಿನ. ಆದರೆ ಗಣಕವೊಂದು ನಿದ್ರೆಯಿಂದ ಹೇಗೆ ಎಚ್ಚರಗೊಳ್ಳುವುದೆಂಬುದನ್ನು ಆ ಮೂರು ದಿನಗಳಲ್ಲಿ ಕಲಿತಷ್ಟು ನಾವು ಅದಕ್ಕೆ ಮೊದಲು ಎಂದೂ ಕಲಿತಿರಲಿಲ್ಲ.

ಹುಚ್ಚು ಬಿಡದೆ ಮದುವೆಯಿಲ್ಲ

ನಮ್ಮ ಕಿರುಗಣಕದ ಹೆಸರು ರಾಸ್ಪ್‌ಬೆರಿ ಪೈ. ಶಾಲಾ ಬಾಲಕರಿಗೆ ಗಣಕವಿದ್ಯೆಯು ಕಡಿಮೆ ಬೆಲೆಗೆ ದೊರೆಯಲೆಂದು ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿದರು. ಮೊದಲ ಮಾದರಿಯು 2012ರ ಫೆಬ್ರವರಿ 29ರಂದು 35 ಡಾಲರ್ ಬೆಲೆಗೆ ಮಾರಾಟಕ್ಕೆ ಬಂದಿತು. ನಮ್ಮಲ್ಲಿರುವುದು 2016ರಲ್ಲಿ ಹೊರಬಂದ ಮೂರನೆಯ ಮಾದರಿ. ಅದರ ಉದ್ದ 85 ಮಿಲಿಮೀಟರು, ಅಗಲ 56 ಮಿಲಿಮೀಟರು. ಇಷ್ಟು ಚಿಕ್ಕದಾದರೂ ಅದು ಎಲ್ಲ ಅಂಗಗಳನ್ನೂ ಹೊಂದಿದ ಪೂರ್ಣ ಗಣಕವೇ ಸರಿ.

ಯಾವ ಗಣಕವೇ ಆಗಲಿ, ಸ್ವಿಚ್ಚನ್ನು ಒತ್ತಿದ ಕ್ಷಣದಲ್ಲಿ ಅದರ ಸ್ಮೃತಿಯು ಬರಿದಾಗಿರುತ್ತದೆ. ಮಾಡತಕ್ಕ ಕೆಲಸಗಳ ಆಜ್ಞೆಗಳೆಲ್ಲ ಕಾರ್ಡಿನಲ್ಲಿಯೋ ಪೆನ್‌ಡ್ರೈವಿನಲ್ಲಿಯೋ ಇರುತ್ತವೆ. ಅವನ್ನು ಓದಿ ಸ್ಮೃತಿಗೆ ತರಬೇಕು. ಆದರೆ ಓದುವುದಕ್ಕೂ ಆಜ್ಞೆಗಳು ಬೇಕಷ್ಟೆ! ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ನಮ್ಮ ಗಾದೆಯಂತಾಯಿತು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವ ಅಸಾಧ್ಯ ಸಾಹಸಕ್ಕೆ ಇದನ್ನು ಹೋಲಿಸಿ, ಇಂಗ್ಲಿಷಿನವರು ಈ ಕ್ರಿಯೆಗೆ ‘ಬೂಟ್’ ಎಂಬ ಹೆಸರಿಟ್ಟರು.

ಈ ಗಂಟನ್ನು ಬಿಡಿಸಲು ಶಿಲ್ಪಿಗಳು ಕಂಡುಕೊಂಡ ಉಪಾಯ ಸರಳವಾದುದು. ಗಣಕದ ಮುಖ್ಯ ಚಿಪ್ಪಿನೊಳಗೆ ಕೆಲವೇ ಆಜ್ಞೆಗಳನ್ನು ಅದು ತಯಾರಾಗುವಾಗಲೇ ಅಚ್ಚೊತ್ತಿಬಿಡುತ್ತಾರೆ. ಇದೇ ಬೂಟ್ ರಾಮ್. ವಿದ್ಯುತ್ತು ಹೋದರೂ ಇದು ಅಳಿಯದು. ಬೇಕೆಂದರೂ ತಿದ್ದಲು ಬಾರದು. ಹುಟ್ಟಿದ ಕೂಸಿಗೆ ಹಾಲು ಹೀರುವ ಅರಿವು ಹೇಗೆ ಹುಟ್ಟಿನೊಡನೆಯೇ ಬಂದಿರುತ್ತದೆಯೋ ಹಾಗೆ ಇದು.

ಐದು ಮೆಟ್ಟಿಲುಗಳು

ಮೂರನೆಯ ಮಾದರಿಯ ಪೈ ಎಚ್ಚರಗೊಳ್ಳುವುದು ಮೆಟ್ಟಿಲು ಮೆಟ್ಟಿಲಾಗಿ. ಮೊದಲನೆಯ ಮೆಟ್ಟಿಲು ಬೂಟ್ ರಾಮ್. ಅದು ಮೊದಲು ಎಸ್‌ಡಿ ಕಾರ್ಡನ್ನು ಹುಡುಕುತ್ತದೆ. ಸಿಕ್ಕದಿದ್ದರೆ, ಅನುಮತಿಯಿದ್ದ ಪಕ್ಷಕ್ಕೆ, ಯುಎಸ್‌ಬಿ ಕಿಂಡಿಗಳತ್ತ ತಿರುಗುತ್ತದೆ. ದೊರೆತ ಸಂಗ್ರಹದಲ್ಲಿ ಫ್ಯಾಟ್ ಎಂಬ ವಿನ್ಯಾಸದ ವಿಭಾಗವನ್ನು ಅರಸಿ, ಅಲ್ಲಿಂದ ‘ಬೂಟ್‌ಕೋಡ್’ ಎಂಬ ಕಡತವನ್ನು ಎತ್ತಿಕೊಳ್ಳುತ್ತದೆ. ಇದು ಎರಡನೆಯ ಮೆಟ್ಟಿಲು. ಬೂಟ್‌ಕೋಡ್ ‘ಸ್ಟಾರ್ಟ್’ ಎಂಬ ದೊಡ್ಡ ಕಡತವನ್ನು ತರುತ್ತದೆ, ಇದು ಮೂರನೆಯದು. ಇದುವರೆಗಿನ ಕೆಲಸವನ್ನೆಲ್ಲ ನಡೆಸುವುದು ಚಿತ್ರಗಳನ್ನು ಮೂಡಿಸುವ ಸಂಸ್ಕಾರಕವೇ ಹೊರತು ಮುಖ್ಯ ಸಂಸ್ಕಾರಕವಲ್ಲವೆಂಬುದು ಸೋಜಿಗದ ಸಂಗತಿ. ಯಜಮಾನನು ಇನ್ನೂ ಮಲಗಿರುವಾಗಲೇ ಮನೆಯ ಚಿತ್ರಕಾರನು ಎದ್ದು ಒಲೆ ಹೊತ್ತಿಸಿದಂತೆ! ನಾಲ್ಕನೆಯ ಮೆಟ್ಟಿಲಿನಲ್ಲಿ ಲಿನಕ್ಸಿನ ತಿರುಳಾದ ‘ಕರ್ನೆಲ್’ ಸ್ಮೃತಿಗೆ ಬಂದು ಮುಖ್ಯ ಸಂಸ್ಕಾರಕವು ಏಳುತ್ತದೆ. ಐದನೆಯದರಲ್ಲಿ ಕರ್ನೆಲ್ ತನ್ನ ಉಳಿದ ಕಡತಗಳಿರುವ ‘ಮೂಲ ವಿಭಾಗ’ವನ್ನು ಹುಡುಕಿ ತೆರೆಯುತ್ತದೆ.

ಯಾವ ಮೆಟ್ಟಿಲಿನಲ್ಲಿ ಎಡವಿತೆಂಬುದನ್ನು ಹಸಿರು ದೀಪವು ಕೆಲವೊಮ್ಮೆ ಸೂಚಿಸುವುದುಂಟು. ನಾಲ್ಕು ಸಲ ಮಿನುಗಿದರೆ ಸ್ಟಾರ್ಟ್ ಕಡತವಿಲ್ಲವೆಂದೂ ಏಳು ಸಲ ಮಿನುಗಿದರೆ ಕರ್ನೆಲ್ ಇಲ್ಲವೆಂದೂ ಅರ್ಥ. ಆದರೆ ಮೊದಲ ಮೆಟ್ಟಿಲಿನಲ್ಲಿಯೇ ಬಿದ್ದ ಗಣಕವು ಏನನ್ನೂ ಹೇಳಲಾರದು.

ಮರಳಿ ಬಾರದ ಒಂದು ಹೆಜ್ಜೆ

ಮೂರನೆಯ ಮಾದರಿಯು ಯುಎಸ್‌ಬಿಯಿಂದ ಏಳಬಲ್ಲುದಾದರೂ ಕಾರ್ಖಾನೆಯಿಂದ ಬರುವಾಗ ಆ ಅನುಮತಿ ಇರುವುದಿಲ್ಲ. ಅದನ್ನು ಕೊಡಲು ‘ಕಾನ್ಫಿಗ್’ ಕಡತದಲ್ಲಿ ‘ಪ್ರೋಗ್ರಾಮ್ ಯುಎಸ್‌ಬಿ ಬೂಟ್ ಮೋಡ್’ ಎಂಬ ಸೂತ್ರದ ಬೆಲೆಯನ್ನು 1 ಎಂದು ಬರೆದು, ಒಮ್ಮೆ ಕಾರ್ಡಿನಿಂದಲೇ ಗಣಕವನ್ನು ಎಬ್ಬಿಸಬೇಕು. ಆಗ ಚಿಪ್ಪಿನೊಳಗಿನ ಒಂದು ಬಿಟ್ ಶಾಶ್ವತವಾಗಿ ಬದಲಾಗುತ್ತದೆ. ಇದು ಶಿಲಾಶಾಸನದಂತೆ, ಒಮ್ಮೆ ಕೆತ್ತಿದ ಮೇಲೆ ಅಳಿಸುವ ಮಾತಿಲ್ಲ. ಆದಕಾರಣ ವಿದ್ಯಾರ್ಥಿಗಳು ಎರಡು ಬಾರಿ ಯೋಚಿಸಿಯೇ ಈ ಸಾಲನ್ನು ಬರೆಯತಕ್ಕದ್ದು. ನಾವು ಮಳೆಗಾಲಕ್ಕೆ ಮುನ್ನ ತೆಗೆದಿರಿಸಿದ್ದ ಕಾರ್ಡಿನ ಪ್ರತಿಯಿಂದ ಈ ಕೆಲಸವನ್ನು ಮುಗಿಸಿ, ಆ ಪ್ರತಿಯನ್ನೇ ಪೆನ್‌ಡ್ರೈವಿಗೆ ಇಳಿಸಿ, ಕಾರ್ಡನ್ನು ತೆಗೆದು ಸ್ವಿಚ್ಚನ್ನು ಒತ್ತಿದೆವು. ಕೆಂಪು ದೀಪ ಉರಿಯಿತು. ಹಸಿರು ದೀಪ ಮಿಟುಕಲಿಲ್ಲ. ಪರದೆಯು ಅಮಾವಾಸ್ಯೆಯ ಆಕಾಶದಂತೆ ಕಪ್ಪಾಗಿಯೇ ಉಳಿಯಿತು.

ಒಂದೊಂದಾಗಿ ಪರೀಕ್ಷೆ

ಇಂತಹ ಸಮಯದಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿಬಿಡೋಣವೆಂಬ ಚಪಲ ಹುಟ್ಟುತ್ತದೆ. ಹಾಗೆ ಮಾಡಿದರೆ ಗಣಕವು ಎದ್ದರೂ ಏತಕ್ಕೆ ಎದ್ದಿತೆಂಬುದು ತಿಳಿಯದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದೆಂದು ನಾವು ಕಟ್ಟು ಮಾಡಿಕೊಂಡೆವು.

ಮೊದಲನೆಯ ಸಂಶಯ ವಿದ್ಯುತ್ತಿನ ಮೇಲೆ. ಈ ಮಾದರಿಗೆ 5.1 ವೋಲ್ಟಿನಲ್ಲಿ 2.5 ಆಂಪಿಯರ್ ಒದಗಿಸುವ ಮೂಲವನ್ನು ಬಳಸಬೇಕೆಂದು ತಯಾರಕರ ಸಲಹೆ. ತೆಳ್ಳನೆಯ ತಂತಿಯಲ್ಲಿಯೇ ವೋಲ್ಟೇಜು ಕುಸಿಯುವುದುಂಟು, 4.63 ವೋಲ್ಟಿನ ಆಸುಪಾಸಿಗೆ ಇಳಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣಿಸಿಕೊಳ್ಳುತ್ತದೆ. ಆದರೆ ಆ ಗುರುತನ್ನು ಮೂಡಿಸುವುದಕ್ಕೂ ಸ್ಟಾರ್ಟ್ ಕಡತ ಬಂದಿರಬೇಕಷ್ಟೆ. ಕಪ್ಪು ಪರದೆಯಿಂದ ಏನೂ ತಿಳಿಯದು. ಆದ್ದರಿಂದ ಮೂಲವನ್ನೂ ತಂತಿಯನ್ನೂ ಒಂದಾದ ಮೇಲೊಂದರಂತೆ ಬದಲಾಯಿಸಿದೆವು. ಫಲ ಶೂನ್ಯ.

ಎರಡನೆಯದು ಆ ಶಾಶ್ವತ ಬಿಟ್. ಕಾರ್ಡಿನಿಂದ ಗಣಕವನ್ನು ಎಬ್ಬಿಸಿ ಕೇಳಲಾಗಿ, ಅದರ ದಾಖಲೆಯ 17ನೆಯ ಸಾಲು 3020000ಎ ಎಂದು ತೋರಿಸಿತು. ಅನುಮತಿ ದೊರೆತಿದೆಯೆಂಬುದಕ್ಕೆ ಇದೇ ಸಾಕ್ಷಿ.

ಮೂರನೆಯದಾಗಿ ಪೆನ್‌ಡ್ರೈವನ್ನು ಬದಲಾಯಿಸಿದೆವು. ಮಿತ್ರರೊಬ್ಬರಿಂದ ಎರವಲು ತಂದ ಇನ್ನೊಂದಕ್ಕೆ ಅದೇ ಪ್ರತಿಯನ್ನು ಇಳಿಸಿ ಸಿಕ್ಕಿಸಿದಾಗ, ಹಸಿರು ದೀಪವು ಕುಣಿಯತೊಡಗಿತು! ಪರದೆಯ ಮೇಲೆ ಕಾಮನಬಿಲ್ಲಿನ ಬಣ್ಣಗಳು ಮೂಡಿದವು, ಅಕ್ಷರಗಳ ಸಾಲುಗಳು ಓಡಿದವು. ಆದರೆ ನಮ್ಮ ಸಂತೋಷ ಅಲ್ಪಾಯುವಾಯಿತು. ಮೂಲ ವಿಭಾಗಕ್ಕಾಗಿ ಕಾಯುತ್ತಿದ್ದೇನೆ ಎಂಬ ಸಾಲಿನಲ್ಲಿ ಗಣಕವು ನಿಂತುಬಿಟ್ಟಿತು.

ಈಗ ನಿಜಸ್ಥಿತಿ ಹೊಳೆಯಿತು. ತಪ್ಪು ಒಂದಲ್ಲ, ಎರಡು. ಎರಡನೆಯದು ನಮ್ಮದೇ. ಮೂಲ ವಿಭಾಗವು ಎಲ್ಲಿದೆಯೆಂಬುದನ್ನು ಕರ್ನೆಲ್‌ಗೆ ತಿಳಿಸುವ ಒಂದು ಸಾಲು ‘ಸಿಎಮ್‌ಡಿಲೈನ್’ ಎಂಬ ಕಡತದಲ್ಲಿರುತ್ತದೆ. ನಮ್ಮ ಹಳೆಯ ಪ್ರತಿಯಲ್ಲಿ ಅದು ಕಾರ್ಡಿನ ಎರಡನೆಯ ವಿಭಾಗವನ್ನೇ ಹೆಸರಿಸಿತ್ತು. ಕಾರ್ಡೇ ಇಲ್ಲದಿರುವಾಗ ಕರ್ನೆಲ್ ಕಾಯುವುದಲ್ಲದೆ ಇನ್ನೇನು ಮಾಡೀತು? ಮನೆ ಬದಲಾಯಿಸಿದವನು ಅಂಚೆಯವನಿಗೆ ಹೊಸ ವಿಳಾಸ ಕೊಡದೆ ಪತ್ರ ಬರಲಿಲ್ಲವೆಂದು ಗೊಣಗಿದಂತಾಯಿತು. ಆ ಸಾಲನ್ನೂ, ವಿಭಾಗಗಳ ಪಟ್ಟಿಯಾದ ‘ಎಫ್‌ಸ್ಟ್ಯಾಬ್’ ಕಡತವನ್ನೂ ತಿದ್ದಿದೊಡನೆ ಗಣಕವು ಪೂರ್ಣವಾಗಿ ಎಚ್ಚರಗೊಂಡಿತು.

ನಿಧಾನಿಯಾದ ಪೆನ್‌ಡ್ರೈವ್

ಆದರೆ ತಿದ್ದಿದ ಅದೇ ಪ್ರತಿಯನ್ನು ನಮ್ಮ ಸ್ವಂತ ಪೆನ್‌ಡ್ರೈವಿಗೆ ಇಳಿಸಿದಾಗ ಮತ್ತೆ ಕತ್ತಲೆಯೇ. ಮೊದಲನೆಯ ತಪ್ಪು ಇನ್ನೂ ಹಾಗೆಯೇ ಇದ್ದಿತು.

ಪೆನ್‌ಡ್ರೈವೆಂಬುದು ಬರಿಯ ಪೆಟ್ಟಿಗೆಯಲ್ಲ. ಅದರೊಳಗೂ ಒಂದು ಪುಟ್ಟ ನಿಯಂತ್ರಕವಿದೆ. ವಿದ್ಯುತ್ತು ಬಂದಾಗ ಅದೂ ಎಚ್ಚರಗೊಳ್ಳಬೇಕು. ಗಣಕವು “ನೀನು ಯಾರು?” ಎಂದು ಕೇಳುತ್ತದೆ, ಅದು ತನ್ನ ಪರಿಚಯವನ್ನು ಹೇಳುತ್ತದೆ, ಗಣಕವು ಅದಕ್ಕೊಂದು ಸಂಖ್ಯೆಯನ್ನು ಕೊಡುತ್ತದೆ, ಆಮೇಲೆಯೇ ಓದುಬರಹ. ನಮ್ಮ ಮೇಜಿನ ದೊಡ್ಡ ಗಣಕಗಳು ಈ ಸಂಭಾಷಣೆಗಾಗಿ ತಾಳ್ಮೆಯಿಂದ ಕಾಯುತ್ತವೆ. ಪೈಯ ಬೂಟ್ ರಾಮ್ ಕಾಯುವುದು ಎರಡೇ ಸೆಕೆಂಡು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಯಾರೂ ಇಲ್ಲವೆಂದು ತೀರ್ಮಾನಿಸಿಬಿಡುತ್ತದೆ. ಬಾಗಿಲು ತಟ್ಟಿದ ಅತಿಥಿಯು, ಮನೆಯ ಮುದುಕನು ಎದ್ದು ಬರುವ ಮೊದಲೇ ಹೊರಟುಹೋದಂತೆ!

ಇದಕ್ಕೆ ಪರಿಹಾರವುಂಟು. ಬೂಟ್ ರಾಮನ್ನು ತಿದ್ದಲಾಗದಿದ್ದರೂ ಅದರ ಮುಂದಿನ ಮೆಟ್ಟಿಲನ್ನು ತಿದ್ದಬಹುದು. ಒಂದು ಹಳೆಯ ಎಸ್‌ಡಿ ಕಾರ್ಡಿನಲ್ಲಿ ಹೊಸ ಬೂಟ್‌ಕೋಡ್ ಕಡತವೊಂದನ್ನೇ ಇರಿಸಿ, ಜೊತೆಗೆ ‘ಟೈಮ್‌ಔಟ್’ ಎಂಬ ಹೆಸರಿನ ಬರಿಯ ಕಡತವನ್ನು ಸೇರಿಸಿದರೆ, ಯುಎಸ್‌ಬಿಯನ್ನು ಹುಡುಕುವ ಕೆಲಸವು ಬೂಟ್‌ಕೋಡಿನ ಪಾಲಾಗುತ್ತದೆ; ಕಾಯುವ ಅವಧಿಯೂ ಐದು ಸೆಕೆಂಡಿಗೆ ಏರುತ್ತದೆ. ನಾವು ಹಾಗೆಯೇ ಮಾಡಿದೆವು. ಹಸಿರು ದೀಪ ಮಿಟುಕಿತು. ನಮ್ಮ ನಿಧಾನಿಯು ಎದ್ದು ಬಂದಿತು. ಈ ಕಾರ್ಡಿಗೆ ಏನನ್ನೂ ಬರೆಯುವುದಿಲ್ಲವಾದ್ದರಿಂದ ಅದು ಬರೆದು ಬರೆದು ಸವೆಯುವ ಭಯವಿಲ್ಲ.

ಹೊಸ ಮಾದರಿಗಳಲ್ಲಿ ಈ ತೊಡಕು ಬಹಳಮಟ್ಟಿಗೆ ನೀಗಿದೆ. 2018ರ 3ಬಿ ಪ್ಲಸ್ ಮಾದರಿಗೆ ಅನುಮತಿಯು ಹುಟ್ಟಿನೊಡನೆಯೇ ಬಂದಿದೆ. 2019ರ ನಾಲ್ಕನೆಯ ಮಾದರಿಯಲ್ಲಿ ಎಚ್ಚರಿಕೆಯ ಆಜ್ಞೆಗಳನ್ನು ತಿದ್ದಬಹುದಾದ ಬೇರೊಂದು ಚಿಪ್ಪಿನಲ್ಲಿ ಇರಿಸಿದ್ದಾರೆ. ಅಲ್ಲಿ ಹುಡುಕಾಟದ ಕ್ರಮವು ಎಫ್41 ಎಂಬಂತಹ ಅಂಕಿಯಾಗಿರುತ್ತದೆ. ಅದನ್ನು ಬಲದಿಂದ ಎಡಕ್ಕೆ ಓದಬೇಕು. 1 ಎಂದರೆ ಕಾರ್ಡು, 4 ಎಂದರೆ ಯುಎಸ್‌ಬಿ, ಎಫ್ ಎಂದರೆ ಮತ್ತೆ ಮೊದಲಿನಿಂದ.

ಕೊನೆಗೊಂದು ಎಚ್ಚರಿಕೆ

ಪೆನ್‌ಡ್ರೈವ್ ಅಮರವೇ? ಅಲ್ಲ. ಕಾರ್ಡೂ ಪೆನ್‌ಡ್ರೈವೂ ಒಂದೇ ಕುಲದವು. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಷ್ ಸ್ಮೃತಿಯೇ ಎರಡರ ಹೊಟ್ಟೆಯಲ್ಲಿಯೂ ಇರುವುದು. ಅವಾಹಕದ ತೆಳು ಪದರದ ಆಚೆಗೆ ಎಲೆಕ್ಟ್ರಾನುಗಳನ್ನು ನೂಕಿ ಬಂಧಿಸುವುದೇ ಅದರ ಬರಹ. ಬರೆದು ಅಳಿಸಿದಂತೆಲ್ಲ ಆ ಪದರವು ಸವೆಯುತ್ತದೆ. ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಕಡತಗಳು ಕೆಡುವುದೂ ಎರಡಕ್ಕೂ ಸಮಾನ. ಆದುದರಿಂದ ನಮ್ಮ ಮಳೆಯ ಲೆಕ್ಕವು ಈಗ ಪ್ರತಿ ಸಂಜೆಯೂ ಇನ್ನೊಂದು ಗಣಕಕ್ಕೆ ನಕಲಾಗುತ್ತದೆ. ಒಬ್ಬ ವಿದ್ಯಾರ್ಥಿಯು ಅದನ್ನು ನೋಟ್‌ಬುಕ್ಕಿನಲ್ಲಿಯೂ ಬರೆದಿಡುತ್ತಾನೆ.

ಕಳೆದ ಹನ್ನೊಂದು ವಾರಗಳು ಮರಳಿ ಬರಲಾರವು. ಬಿದ್ದ ಮಳೆಯನ್ನು ಮತ್ತೆ ಅಳೆಯುವ ಉಪಾಯವಿಲ್ಲ. ಆದರೆ ಕತ್ತಲೆಯ ಪರದೆಯ ಮುಂದೆ ಕುಳಿತಾಗ ಗಾಬರಿಗೊಳ್ಳದೆ, ಯಾವ ಮೆಟ್ಟಿಲಿನಲ್ಲಿ ನಿಂತಿತು ಎಂದು ಕೇಳಿಕೊಂಡು, ಒಂದೊಂದನ್ನೇ ಬದಲಾಯಿಸಿ ನೋಡುವ ಅಭ್ಯಾಸ ನಮಗೆ ಉಳಿಯಿತು. ವಿಜ್ಞಾನದ ವಿದ್ಯಾರ್ಥಿಗೆ ಈ ಅಭ್ಯಾಸವು ಗಣಕದ ಮುಂದೆ ಮಾತ್ರವಲ್ಲ, ಪ್ರಯೋಗಶಾಲೆಯ ಎಲ್ಲ ಮೇಜುಗಳ ಮುಂದೆಯೂ ಒದಗಿಬರುತ್ತದೆ.